ಮಳೆಯ ಗಡಿ ನಮ್ಮ ಮೇಲೆ ಹಾದುಹೋದಾಗ

ಡಾಲ್‌ಹಾರ್ಟ್ ದಾಟಿ 385ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಟೆಕ್ಸಸ್ ಮುಗಿದು ಒಕ್ಲಹೋಮ ಶುರುವಾಯಿತೆಂದು ತಿಳಿಯುವುದು ರಸ್ತೆ ಬದಿಯ ಫಲಕದಿಂದ ಮಾತ್ರ. ನೆಲ ಅದೇ, ಹುಲ್ಲು ಅದೇ, ತಂತಿಬೇಲಿಯೂ ಅದೇ. ಅಲ್ಲೊಂದು ಇಲ್ಲೊಂದು ಗಾಳಿಯಂತ್ರ ದನಗಳ ತೊಟ್ಟಿಗೆ ನೀರೆತ್ತುತ್ತ ತಿರುಗುತ್ತಿರುತ್ತದೆ. ಎಲ್ಲಾದರೂ ಮರ ಕಂಡರೆ ಅಲ್ಲೊಂದು ಮನೆ ಇದೆ, ಇಲ್ಲವೇ ಹಿಂದೊಮ್ಮೆ ಇತ್ತು ಎಂದರ್ಥ. ಉಳಿದದ್ದೆಲ್ಲ ಆಕಾಶ. ನಾನು ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನು, ಬಯಲು ನನಗೆ ಹೊಸದಲ್ಲ. ಆದರೂ ನಮ್ಮ ಬಯಲಿನಲ್ಲಿ ಕಣ್ಣು ಹಾಯಿಸಿದರೆ ಕೊನೆಗೊಂದು ಗುಡ್ಡವೋ ಗುಡಿಯ ಗೋಪುರವೋ ಅಡ್ಡ ಬರುತ್ತದೆ. ಇಲ್ಲಿ ಕಣ್ಣಿಗೆ ಯಾವ ತಡೆಯೂ ಇಲ್ಲ. ಎಂಬತ್ತು ತೊಂಬತ್ತು ಕಿಲೋಮೀಟರ್ ದೂರದ ಮೋಡವೊಂದು ಬುಡದಿಂದ ತುದಿಯವರೆಗೆ ಇಡಿಯಾಗಿ ಕಾಣುತ್ತದೆ.

ಕಾರು ಓಡಿಸುತ್ತಿದ್ದವಳು ನನ್ನ ಅಣ್ಣನ ಮಗಳು. ಡಾಲಸ್‌ನಲ್ಲಿ ಕೆಲಸ. ಕೆಂಟನ್ ಬಳಿ ಹವ್ಯಾಸಿ ಖಗೋಳ ವೀಕ್ಷಕರು ಸೇರುವ 'ಓಕಿ-ಟೆಕ್ಸ್ ಸ್ಟಾರ್ ಪಾರ್ಟಿ'ಗೆ ಹಿಂದೊಮ್ಮೆ ಬಂದಿದ್ದಳು. ಊರುಗಳ ಬೆಳಕಿಲ್ಲದ ಆ ಕತ್ತಲೆಯಲ್ಲಿ ನಕ್ಷತ್ರ ನೋಡಿ ಮರುಳಾಗಿದ್ದಳು. "ಚಿಕ್ಕಪ್ಪ, ರಾತ್ರಿ ಆಕಾಶ ಮಾತ್ರ ಅಲ್ಲ. ಜೂನ್‌ನಲ್ಲಿ ಬಂದು ಹಗಲಿನ ಆಕಾಶ ನೋಡಿ ಅಂತ ಅಲ್ಲಿಯವರೇ ಹೇಳಿದ್ರು. ನಿಮಗೆ ಹೇಗೂ ಮೋಡದ ಹುಚ್ಚು, ಬನ್ನಿ" ಎಂದು ಕರೆದುಕೊಂಡು ಹೊರಟಿದ್ದಳು.

ನಾವು ಬಂದದ್ದು ಸಿಮರಾನ್ ಕೌಂಟಿಗೆ. ಒಕ್ಲಹೋಮ ರಾಜ್ಯದ ನಕ್ಷೆಯಲ್ಲಿ ಪಶ್ಚಿಮಕ್ಕೆ ಚಾಚಿಕೊಂಡ ಕಿರಿದಾದ ಪಟ್ಟಿಯೊಂದಿದೆಯಲ್ಲ, ಅದರ ತುತ್ತತುದಿ. ಟೆಕ್ಸಸ್, ನ್ಯೂ ಮೆಕ್ಸಿಕೊ, ಕೊಲರಾಡೊ, ಕ್ಯಾನ್ಸಸ್, ಹೀಗೆ ಹೊರಗಿನ ನಾಲ್ಕು ರಾಜ್ಯಗಳೊಂದಿಗೆ ಗಡಿ ಹಂಚಿಕೊಂಡ ಕೌಂಟಿ ಇಡೀ ಅಮೆರಿಕದಲ್ಲಿ ಇದೊಂದೇ. ವಿಸ್ತೀರ್ಣ ಬೆಂಗಳೂರು ನಗರ ಜಿಲ್ಲೆಯ ಎರಡರಷ್ಟು. 2020ರ ಗಣತಿಯಂತೆ ಜನ 2,296. ಕೌಂಟಿಯ ಕೇಂದ್ರ ಬಾಯ್ಸ್ ಸಿಟಿ ಸಮುದ್ರಮಟ್ಟದಿಂದ ಸುಮಾರು 1,270 ಮೀಟರ್ ಎತ್ತರದಲ್ಲಿದೆ, ಆದರೆ ಅಲ್ಲಿ ನಿಂತವರಿಗೆ ತಾವು ಎತ್ತರದಲ್ಲಿದ್ದೇವೆ ಎಂದು ಅನಿಸುವುದೇ ಇಲ್ಲ. ರಾಕಿ ಪರ್ವತಗಳ ಬುಡದಿಂದ ಪೂರ್ವಕ್ಕೆ ನೆಲ ಸಾವಿರ ಕಿಲೋಮೀಟರ್ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಇಳಿಯುತ್ತ ಹೋಗುತ್ತದೆ. ಈ ಇಳಿಜಾರು ಕಾಲಿಗೆ ಗೊತ್ತಾಗುವುದಿಲ್ಲ, ಗಾಳಿಗೆ ಮಾತ್ರ ಚೆನ್ನಾಗಿ ಗೊತ್ತು. ಇಲ್ಲಿನ ಹವೆಯ ಆಟವೆಲ್ಲ ಶುರುವಾಗುವುದು ಅದರಿಂದಲೇ.

ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸರಾಸರಿ 17 ಇಂಚು, ಅಂದರೆ ಸುಮಾರು 430 ಮಿಲಿಮೀಟರ್. ನಮ್ಮ ಚಳ್ಳಕೆರೆ ಸೀಮೆಯಲ್ಲೂ ಹೆಚ್ಚುಕಡಿಮೆ ಇಷ್ಟೇ. ಇದೇ ಒಕ್ಲಹೋಮದ ಆಗ್ನೇಯ ಮೂಲೆಯಲ್ಲಿ 50 ಇಂಚು ದಾಟುತ್ತದೆ. ಹೀಗೆ ಒಂದೇ ರಾಜ್ಯದೊಳಗೆ ಪೈನ್ ಕಾಡೂ ಇದೆ, ಕಳ್ಳಿಗಿಡದ ಬಯಲೂ ಇದೆ. ವರ್ಷದ ಮಳೆಯ ಬಹುಪಾಲು ಮೇ ತಿಂಗಳಿಂದ ಆಗಸ್ಟ್‌ವರೆಗೆ ಬರುತ್ತದೆ. ನಮ್ಮ ಮುಂಗಾರಿನ ಹಾಗೆ ಹೇಳಿ ಬರುವ ಮಳೆ ಅದಲ್ಲ. ಕೇರಳಕ್ಕೆ ಬಂತು, ಕರಾವಳಿ ಮುಟ್ಟಿತು, ಇನ್ನು ನಾಲ್ಕು ದಿನಕ್ಕೆ ನಮ್ಮ ಕಡೆ ಎಂದು ಲೆಕ್ಕ ಹಾಕುವಂತಿಲ್ಲ. ಪ್ರತಿ ಮಳೆಯೂ ಆ ದಿನ, ಆ ಮಧ್ಯಾಹ್ನ, ಆ ಬಯಲ ಮೇಲೆ ಹೊಸದಾಗಿ ಹುಟ್ಟಬೇಕು. ಹಾಗೆ ಹುಟ್ಟುವುದನ್ನು ನಾನು ಕಣ್ಣಾರೆ ನೋಡಿದೆ. ಅದನ್ನು ಹೇಳಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಕೆಂಟನ್ ಎಂಬ ಪುಟ್ಟ ಊರು ಕೌಂಟಿಯ ವಾಯವ್ಯ ಮೂಲೆಯಲ್ಲಿದೆ. ಒಕ್ಲಹೋಮವೆಲ್ಲ ಒಂದು ಗಡಿಯಾರ ನೋಡಿದರೆ ಇಲ್ಲಿಯವರು ವಾಡಿಕೆಯಂತೆ ಒಂದು ಗಂಟೆ ಹಿಂದಿನ ಪರ್ವತ ಕಾಲಮಾನ ಅನುಸರಿಸುತ್ತಾರೆ. ಹತ್ತಿರದಲ್ಲೇ ಬ್ಲ್ಯಾಕ್ ಮೇಸಾ. ಹಲವು ದಶಲಕ್ಷ ವರ್ಷಗಳ ಹಿಂದೆ ಪಶ್ಚಿಮದ ಜ್ವಾಲಾಮುಖಿಯಿಂದ ಹರಿದು ಬಂದ ಲಾವಾ ಇಲ್ಲಿನ ಕಣಿವೆ ತುಂಬಿ ಗಟ್ಟಿಯಾಯಿತು. ಆಚೀಚಿನ ಮೆದುನೆಲವೆಲ್ಲ ಕೊಚ್ಚಿಹೋಗಿ ಕಪ್ಪುಕಲ್ಲಿನ ಹೊದಿಕೆಯ ಈ ಚಪ್ಪಟೆ ಬೆಟ್ಟ ಉಳಿಯಿತು. ಅದರ ನೆತ್ತಿ 1,516 ಮೀಟರ್, ಒಕ್ಲಹೋಮದ ಅತಿ ಎತ್ತರದ ಜಾಗ.

ನಸುಕಿನಲ್ಲೇ ಹತ್ತಲು ಶುರುಮಾಡಿದೆವು. ಬೆಳಗಿನ ಹವೆ ಕರಾವಳಿಯದ್ದೇ ಎನ್ನಬೇಕು. ಮೋಡ ಮೇಸಾದ ಅಂಚನ್ನು ಸವರಿಕೊಂಡು ಹೋಗುತ್ತಿತ್ತು. ಹುಲ್ಲಿನ ತುದಿಯಲ್ಲಿ ನೀರು, ಚೋಯಾ ಕಳ್ಳಿಯ ಮುಳ್ಳುಗಳಲ್ಲಿ ನೀರು, ನನ್ನ ಕನ್ನಡಕದ ಮೇಲೂ ನೀರು. ಇದು ಸಾವಿರ ಕಿಲೋಮೀಟರ್ ಆಚೆಯ ಮೆಕ್ಸಿಕೊ ಕೊಲ್ಲಿಯ ತೇವ. ಸೂರ್ಯ ಮುಳುಗಿ ನೆಲ ತಣಿದ ಮೇಲೆ ನೆಲದ ಹತ್ತಿರದ ಗಾಳಿ ಸುಮ್ಮನಾಗುತ್ತದೆ. ಅದರ ಮೇಲೆ ಕೆಲವು ನೂರು ಮೀಟರ್ ಎತ್ತರದಲ್ಲಿ ಹರಿಯುವ ದಕ್ಷಿಣದ ಗಾಳಿಗೆ ಆಗ ನೆಲದ ಹಿಡಿತ ತಪ್ಪುತ್ತದೆ, ವೇಗ ಹೆಚ್ಚುತ್ತದೆ. ಊರವರು ಮಲಗಿದ್ದಾಗ ಅದು ರಾತ್ರಿಯಿಡೀ ಸಮುದ್ರದ ನೀರನ್ನು ಈ ಇಳಿಜಾರಿನ ಮೇಲಕ್ಕೆ ಹೊತ್ತು ತರುತ್ತದೆ. ಮುಂಜಾನೆ ನನ್ನ ಕನ್ನಡಕ ಒರೆಸಿಕೊಂಡ ಕೈವಸ್ತ್ರ ಒದ್ದೆಯಾದದ್ದು ಆ ನೀರಿನಿಂದ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೆತ್ತಿಯ ಮೇಲೆ ಗ್ರಾನೈಟಿನ ಕಂಬವೊಂದಿದೆ. ಅಲ್ಲಿಂದ ಅರ್ಧ ಕಿಲೋಮೀಟರ್ ಪಶ್ಚಿಮಕ್ಕೆ ನಡೆದರೆ ನ್ಯೂ ಮೆಕ್ಸಿಕೊ. ಕಂಬಕ್ಕೆ ಒರಗಿ ಬುತ್ತಿ ಬಿಚ್ಚಿದ್ದೆವು. ಮೋಡ ಹರಿದು ಬಿಸಿಲು ಬಂತು. ಸ್ವಲ್ಪ ಹೊತ್ತಿಗೆ ದಕ್ಷಿಣದ ಗಾಳಿ ನಿಂತಿತು. ಒಂದು ಗಳಿಗೆ ಏನೂ ಅಲುಗಾಡಲಿಲ್ಲ. ಆಮೇಲೆ ಪಶ್ಚಿಮದಿಂದ ಬಿಸಿಯಾದ ಒಣಗಾಳಿ ಒಮ್ಮೆಲೇ ಬೀಸಿತು. ಅಂಗಿಯ ಬೆನ್ನಿನ ಬೆವರು ನೋಡನೋಡುತ್ತಲೇ ಆರಿತು. ತುಟಿ ಬಿಗಿಯಿತು. ಅಲ್ಲಿಯವರೆಗೆ ಹಸಿ ಹುಲ್ಲಿನ ವಾಸನೆಯಿದ್ದ ಜಾಗದಲ್ಲಿ ಜುನಿಪರ್ ಗಿಡದ ಒಣ ಘಾಟು. ದೂರದ ಗುಡ್ಡಗಳ ಅಂಚು ಕೊರೆದಿಟ್ಟಷ್ಟು ಸ್ಪಷ್ಟವಾಯಿತು, ಆಕಾಶ ಕಡುನೀಲಿಯಾಯಿತು.

"ಡ್ರೈಲೈನ್, ಚಿಕ್ಕಪ್ಪ! ಈಗ ನಮ್ಮನ್ನ ದಾಟ್ತು" ಎಂದು ಹುಡುಗಿ ಎದ್ದು ನಿಂತು ಫೋನು ತೋರಿಸಿದಳು. ಒಕ್ಲಹೋಮದ ಎರಡು ವಿಶ್ವವಿದ್ಯಾಲಯಗಳು ಸೇರಿ 1994ರಿಂದ ನಡೆಸುತ್ತಿರುವ ಮೆಸೊನೆಟ್ ಎಂಬ ಹವಾಮಾನ ಜಾಲವಿದೆ. ರಾಜ್ಯದ ಪ್ರತಿ ಕೌಂಟಿಯಲ್ಲೂ ಕಡೇಪಕ್ಷ ಒಂದು ಗೋಪುರ. ಜನ ವಿರಳವಾದ ಈ ಕೌಂಟಿಯಲ್ಲಿ ಬಾಯ್ಸ್ ಸಿಟಿಗೊಂದು, ಕೆಂಟನ್‌ಗೊಂದು. ಐದೈದು ನಿಮಿಷಕ್ಕೆ ಗಾಳಿ, ಮಳೆ, ತೇವ ಎಲ್ಲ ಅಳೆದು ಕಳಿಸುತ್ತದೆ. ಕೆಂಟನ್ ಗೋಪುರದ ಗ್ರಾಫಿನಲ್ಲಿ ತೇವದ ಗೆರೆ ಅರ್ಧ ಗಂಟೆಯೊಳಗೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಬಾಯ್ಸ್ ಸಿಟಿಯ ಗೆರೆ ಇನ್ನೂ ಮೇಲೇ ಇತ್ತು. ಎರಡು ಗೋಪುರಗಳ ನಡುವೆ ಎಲ್ಲೋ ಡ್ರೈಲೈನ್ ಎಂಬ ಆ ಗಡಿ ನಡೆದು ಹೋಗುತ್ತಿತ್ತು.

ಗಡಿ ಎಂದರೆ ನಿಜಕ್ಕೂ ಗಡಿಯೇ. ಈಚೆ ನ್ಯೂ ಮೆಕ್ಸಿಕೊದ ಮರುಭೂಮಿ ಕಡೆಯ ಒಣಹವೆ, ಆಚೆ ಕೊಲ್ಲಿಯ ತೇವಹವೆ. ವಸಂತದಿಂದ ಬೇಸಿಗೆಯ ಮೊದಲವರೆಗೆ ಇದು ದಿನವೂ ಹಗಲು ಪೂರ್ವಕ್ಕೆ ಸರಿಯುತ್ತದೆ, ರಾತ್ರಿ ಪಶ್ಚಿಮಕ್ಕೆ ಮರಳುತ್ತದೆ. ಪಶ್ಚಿಮದಲ್ಲಿ ನೆಲ ಎತ್ತರವಾದ್ದರಿಂದ ಅಲ್ಲಿ ತೇವದ ಪದರ ತೆಳು. ಬಿಸಿಲೇರಿ ನೆಲ ಕಾದು ಗಾಳಿ ಕುದಿಯತೊಡಗಿದಾಗ ಮೇಲಿನ ಒಣಹವೆ ಕೆಳಗಿಳಿದು ಆ ತೆಳು ಪದರವನ್ನು ಮೊದಲು ತಿಂದುಹಾಕುತ್ತದೆ. ಬಿಸಿಲು ಏರಿದಷ್ಟೂ ಗಡಿ ಪೂರ್ವಕ್ಕೆ ಸಾಗುತ್ತದೆ. ಸಂಜೆ ಕುದಿ ನಿಂತಿತೆಂದರೆ ತೇವಹವೆ ಮತ್ತೆ ಇಳಿಜಾರು ಹತ್ತಿ ಬರುತ್ತದೆ. ಪುಸ್ತಕದಲ್ಲಿ ಚಿತ್ರವಾಗಿ ನೋಡಿದ್ದು ನನ್ನ ತುಟಿಗೆ, ಮೂಗಿಗೆ ತಿಳಿದದ್ದು ಅಂದೇ.

ಆಮೇಲಿನದು ಇನ್ನೂ ಬೆರಗು. ಗಡಿ ಹೋದ ದಿಕ್ಕಿನಲ್ಲೇ, ಪೂರ್ವದಲ್ಲಿ, ಉತ್ತರ ದಕ್ಷಿಣವಾಗಿ ಒಂದೇ ಸಾಲಿನಲ್ಲಿ ಸಣ್ಣ ಬಿಳಿ ಮೋಡಗಳು ಎದ್ದವು. ಎರಡು ಹವೆ ಒತ್ತರಿಸಿದ ಜಾಗದಲ್ಲಿ ಗಾಳಿಗೆ ಮೇಲೇಳುವುದಲ್ಲದೆ ಬೇರೆ ದಾರಿಯಿಲ್ಲ. ಬಹಳಷ್ಟು ಮೋಡಗಳು ಎದ್ದು, ತಲೆ ಚದುರಿ, ಇಲ್ಲವಾದವು. ಎರಡು ಗಂಟೆ ಹೀಗೇ. ಕೊನೆಗೆ ದಕ್ಷಿಣ ತುದಿಯ ಒಂದು ಮೋಡ ಮಾತ್ರ ನಿಲ್ಲಲಿಲ್ಲ. ಅದರ ತಲೆ ಉಕ್ಕುತ್ತ, ಉಕ್ಕಿದ್ದರೊಳಗಿಂದ ಮತ್ತೆ ಉಕ್ಕುತ್ತ, ಆಕಾಶದ ಚಾವಣಿ ಮುಟ್ಟಿ ಚಪ್ಪಟೆಯಾಗಿ ಹರಡಿಕೊಂಡಿತು. ಬುಡ ಕಪ್ಪಾಯಿತು. ಅದರಿಂದ ಬೂದುಬಣ್ಣದ ಮಳೆಯೆಳೆಗಳು ಇಳಿದವು, ಅರ್ಧ ದಾರಿಯಲ್ಲೇ ಆವಿಯಾಗಿ ಮಾಯವಾದವು. ಮಳೆ ಸುರಿಯುತ್ತಿದೆ, ನೆಲ ಮುಟ್ಟುತ್ತಿಲ್ಲ. ಈ ಸೀಮೆಯ ರೈತನ ಪಾಡೆಲ್ಲ ಆ ದೃಶ್ಯದಲ್ಲೇ ಇತ್ತು.

ಇಳಿದು ಬಾಯ್ಸ್ ಸಿಟಿಯ ಕಡೆ ಬರುವಾಗ ದಾರಿಯ ಎರಡೂ ಬದಿ ಗೋಧಿ ಹೊಂಬಣ್ಣಕ್ಕೆ ತಿರುಗಿತ್ತು. ಇಲ್ಲಿ ಗೋಧಿ ಬಿತ್ತುವುದು ಸೆಪ್ಟೆಂಬರಿನಲ್ಲಿ. ಚಳಿಗಾಲವೆಲ್ಲ ಹಸಿರು ಮೊಳಕೆಯಾಗಿ ನೆಲಕ್ಕೆ ಅಂಟಿಕೊಂಡಿದ್ದು, ವಸಂತದಲ್ಲಿ ಎದ್ದು, ಜೂನ್ ಜುಲೈ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅಂದರೆ ತೆನೆ ಮಾಗುವ ಕಾಲವೂ ಆಲಿಕಲ್ಲಿನ ಕಾಲವೂ ಒಂದೇ. ಒಂಬತ್ತು ತಿಂಗಳ ಬೆಳೆ ಹತ್ತು ನಿಮಿಷದಲ್ಲಿ ನೆಲಸಮವಾಗಬಹುದು.

ಆ ಮೋಡ ನಮ್ಮನ್ನು ರಸ್ತೆಯ ಮೇಲೇ ಹಿಡಿಯಿತು. ಮೊದಲು ತಣ್ಣನೆಯ ಗಾಳಿ ಬಂತು, ಮಣ್ಣಿನ ವಾಸನೆ ಬಂತು. ಗೋಧಿ ಉಗ್ರಾಣವೊಂದರ ಚಾವಣಿಯಡಿ ಕಾರು ನಿಲ್ಲಿಸುವಷ್ಟರಲ್ಲಿ ತಗಡಿನ ಮೇಲೆ ಕಲ್ಲು ಬೀಳುವ ಸದ್ದು. ಮಾತು ಕೇಳದಷ್ಟು ಸದ್ದು. ಬೆಳ್ಳಗಿನ ಉಂಡೆಗಳು ಡಾಂಬರಿನ ಮೇಲೆ ಬಿದ್ದು ಮೊಣಕಾಲೆತ್ತರ ಪುಟಿಯುತ್ತಿದ್ದವು. ನಿಂತ ಮೇಲೆ ಒಂದನ್ನು ಎತ್ತಿಕೊಂಡೆ. ನಿಂಬೆಕಾಯಿ ಗಾತ್ರ. ಕಾರಿನ ಕೀಲಿಯಿಂದ ಕುಟ್ಟಿ ಒಡೆದಾಗ ಒಳಗೆ ಈರುಳ್ಳಿಯ ಹಾಗೆ ಸುತ್ತು ಸುತ್ತು ಪದರ, ಒಂದು ಬಿಳಿ, ಒಂದು ಪಾರದರ್ಶಕ, ಮತ್ತೆ ಬಿಳಿ. ಗುಳ್ಳೆ ಸಿಕ್ಕಿಕೊಳ್ಳುವಷ್ಟು ಬೇಗ ಹೆಪ್ಪುಗಟ್ಟಿದರೆ ಬಿಳಿ, ನಿಧಾನವಾಗಿ ಹರಡಿ ಹೆಪ್ಪುಗಟ್ಟಿದರೆ ತಿಳಿ. ಕಲ್ಲು ಮೋಡದ ಯಾವ ಯಾವ ಕೋಣೆಯಲ್ಲಿ ಸುತ್ತಿ ಬಂದಿತೋ ಅದೆಲ್ಲ ಆ ಸುತ್ತುಗಳಲ್ಲಿ ಬರೆದಿತ್ತು. ಈ ಎತ್ತರದ ಬಯಲಿನಲ್ಲಿ ಆಲಿಕಲ್ಲು ಹೆಚ್ಚು ಬೀಳುವುದಕ್ಕೆ ಒಂದು ಕಾರಣ ಎತ್ತರವೇ. ಹಿಮ ಕರಗುವ ಮಟ್ಟಕ್ಕೆ ನೆಲ ಇಲ್ಲಿ ಹತ್ತಿರ, ದಾರಿಯಲ್ಲಿ ಕರಗಲು ಕಲ್ಲಿಗೆ ಸಮಯ ಸಾಲುವುದಿಲ್ಲ. ನನ್ನ ಅಂಗೈಯಲ್ಲಿ ಅದು ಕರಗಿ ಮುಗಿಯುವವರೆಗೂ ನೋಡುತ್ತ ನಿಂತಿದ್ದೆ.

ಈ ಗಾಳಿ, ಈ ಮಣ್ಣು ಸೇರಿ ಒಂದು ಕಾಲದಲ್ಲಿ ಏನು ಮಾಡಿದವೆಂಬುದನ್ನು ಬಾಯ್ಸ್ ಸಿಟಿಯ ಸಿಮರಾನ್ ಹೆರಿಟೇಜ್ ಸೆಂಟರ್‌ನಲ್ಲಿ ನೋಡಬಹುದು. ಇಲ್ಲಿನ ನೆಲವನ್ನು ಹಿಡಿದಿಟ್ಟಿದ್ದು ಬಫಲೊ ಹುಲ್ಲು, ನೀಲಿ ಗ್ರಾಮಾ ಹುಲ್ಲು. ಅಂಗೈ ಎತ್ತರದ ಹುಲ್ಲು, ಆದರೆ ಬೇರು ಆಳ, ಹೆಣಿಗೆ ಬಿಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಬಂತು, ಕೆಲವು ವರ್ಷ ಮಳೆಯೂ ಚೆನ್ನಾಗಿ ಆಯಿತು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂದು ಹೇಳಿ ಭೂಮಿ ಮಾರಿದವರಿದ್ದರು, ನಂಬಿದವರಿದ್ದರು. ಹುಲ್ಲನ್ನು ಉತ್ತು ಮಗುಚಿದರು. 1930ರ ದಶಕದಲ್ಲಿ ಬರ ಬಂತು, ಬೆಲೆ ಕುಸಿಯಿತು, ಹೊಲ ಬರಿದಾಯಿತು. ಗಾಳಿ ಮಾತ್ರ ಎಂದಿನಂತೆ ಬಂತು.

ಇಲ್ಲಿ ಗಾಳಿಯ ಕಾಲ ಮಾರ್ಚ್, ಏಪ್ರಿಲ್. ರಾಕಿ ಪರ್ವತ ದಾಟಿ ಇಳಿಯುವ ಹವೆಯಿಂದ ಅದರ ಪೂರ್ವದ ಬದಿಯಲ್ಲಿ ಒತ್ತಡ ತಗ್ಗುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಮಳೆ ಇನ್ನೂ ಬಂದಿರುವುದಿಲ್ಲ, ಪೈರು ಇನ್ನೂ ಎದ್ದಿರುವುದಿಲ್ಲ. ಮಣ್ಣಿಗೆ ವರ್ಷದಲ್ಲಿ ಅತಿ ಅಪಾಯದ ಹೊತ್ತು ಅದು. 1935ರ ಏಪ್ರಿಲ್ 14, ಭಾನುವಾರ. ಬೆಳಗ್ಗೆ ತಿಳಿಯಾದ ಆಕಾಶವಿತ್ತಂತೆ. ಮಧ್ಯಾಹ್ನದ ಮೇಲೆ ಉತ್ತರದಿಂದ ದೂಳಿನ ಕರಿಗೋಡೆಯೊಂದು ಉರುಳಿ ಬಂತು. ಒಳಗೆ ಸಿಕ್ಕವರಿಗೆ ತಮ್ಮ ಕೈ ತಮಗೆ ಕಾಣಲಿಲ್ಲ. ಆ ದಿನವನ್ನು ಈಗಲೂ 'ಕರಿ ಭಾನುವಾರ' ಎನ್ನುತ್ತಾರೆ. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರ ರಾಬರ್ಟ್ ಗೈಗರ್ ಅಂದು ಈ ಕಡೆಯೇ ಇದ್ದ. ಮರುದಿನ ಅವನು ಕಳಿಸಿದ ವರದಿಯಿಂದಲೇ ಈ ಸೀಮೆಗೆ ಬಂದ 'ಡಸ್ಟ್ ಬೌಲ್', ಅಂದರೆ ದೂಳಿನ ಬಟ್ಟಲು, ಎಂಬ ಹೆಸರು ಜಗತ್ತಿಗೆ ಹರಡಿತು. ಮುಂದಿನ ವರ್ಷ ಏಪ್ರಿಲಿನಲ್ಲಿ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೈನ್ ಇದೇ ಕೌಂಟಿಯಲ್ಲಿ ಒಂದು ಚಿತ್ರ ತೆಗೆದ. ದೂಳಿನ ಗಾಳಿಗೆ ತಲೆ ತಗ್ಗಿಸಿ ಗುಡಿಸಲ ಕಡೆ ನಡೆಯುವ ರೈತ, ಜೊತೆಗೆ ಇಬ್ಬರು ಗಂಡುಮಕ್ಕಳು, ಹಿಂದುಳಿದ ಚಿಕ್ಕವನು ಕಣ್ಣಿಗೆ ಅಡ್ಡ ತೋಳು ಹಿಡಿದಿದ್ದಾನೆ. ಆ ಮಗುವಿನ ತೋಳನ್ನು ಒಮ್ಮೆ ನೋಡಿದವರು ಮರೆಯಲಾರರು.

ವಸ್ತುಸಂಗ್ರಹಾಲಯದ ಹಿರಿಯ ಹೆಂಗಸು ತಮ್ಮ ಅತ್ತೆ ಹೇಳುತ್ತಿದ್ದುದನ್ನು ನಮಗೆ ಹೇಳಿದರು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವುದು, ತಟ್ಟೆಗಳನ್ನು ಊಟದ ಹೊತ್ತಿನವರೆಗೆ ಮಗುಚಿಡುವುದು. ಒಣದೂಳಿನ ಉಜ್ಜಾಟದಿಂದ ಗಾಳಿಯಲ್ಲಿ ವಿದ್ಯುತ್ತು ತುಂಬಿ ಮೋಟಾರುಗಳು ಕೆಡುತ್ತಿದ್ದವು, ಅದಕ್ಕೆಂದು ಕಾರಿನ ಹಿಂದೆ ನೆಲಕ್ಕೆ ತಾಗುವಂತೆ ಸರಪಳಿ ಕಟ್ಟಿ ಎಳೆಯುತ್ತಿದ್ದರು. ಇಲ್ಲಿನ ಮಣ್ಣು ವಾಷಿಂಗ್ಟನ್‌ವರೆಗೂ ಹಾರಿತು, ಮಣ್ಣು ಉಳಿಸಬೇಕೆಂದು ಅಲ್ಲಿ ವಾದಿಸುತ್ತಿದ್ದ ಮಣ್ಣುವಿಜ್ಞಾನಿ ಹ್ಯೂ ಬೆನೆಟ್‌ನ ಮಾತಿಗೆ ಅದೇ ಸಾಕ್ಷಿಯಾಯಿತು. 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಸೋತ ಹೊಲಗಳನ್ನು ಸರ್ಕಾರ ಕೊಂಡು ಮತ್ತೆ ಹುಲ್ಲು ಬೆಳೆಸಿತು. ನಾವು ಬರುವಾಗ ದಾಟಿದ ರೀಟಾ ಬ್ಲ್ಯಾಂಕಾ ಹುಲ್ಲುಗಾವಲು ಹಾಗೆ ಮರುಹುಟ್ಟಿದ್ದು. ಒಂದು ತಪ್ಪನ್ನು ದೇಶವೊಂದು ಹುಲ್ಲು ನೆಟ್ಟು ತಿದ್ದಿಕೊಂಡದ್ದನ್ನು ನಾನು ಕಂಡದ್ದು ಅಲ್ಲೇ ಮೊದಲು. ಮರಳುವಾಗ ಕಾರು ನಿಲ್ಲಿಸಿ ಆ ಹುಲ್ಲನ್ನು ಮುಟ್ಟಿ ನೋಡಬೇಕೆನಿಸಿತು.

ಚಳಿಗಾಲ ನಾನು ನೋಡಿಲ್ಲ, ಆ ಹಿರಿಯ ಹೆಂಗಸಿನ ಬಾಯಲ್ಲಿ ಕೇಳಿದ್ದು. ಅಂಗಿ ತೋಳಿನಲ್ಲಿ ಓಡಾಡುವಂಥ ಜನವರಿಯ ಮಧ್ಯಾಹ್ನ ಉತ್ತರದಲ್ಲಿ ಕಡುನೀಲಿ ಗೆರೆ ಕಂಡರೆ ದನಗಳನ್ನು ಒಳಗೆ ತರಬೇಕು. 'ಬ್ಲೂ ನಾರ್ದರ್' ಎನ್ನುತ್ತಾರೆ. ಕೆನಡಾದ ಕಡೆಯಿಂದ ಇಲ್ಲಿಯವರೆಗೆ ಆ ಗಾಳಿಯನ್ನು ತಡೆಯುವ ಒಂದು ಬೆಟ್ಟವೂ ಇಲ್ಲ. ಸಂಜೆಗೆ ನೀರಿನ ತೊಟ್ಟಿ ಹೆಪ್ಪುಗಟ್ಟಿರುತ್ತದೆ. ಒಕ್ಲಹೋಮದಲ್ಲಿ ಅತಿ ಹೆಚ್ಚು ಹಿಮ ಬೀಳುವುದೂ ಈ ಕೊನೆಯಲ್ಲೇ, ವರ್ಷಕ್ಕೆ 30 ಇಂಚಿನ ಆಸುಪಾಸು. "ಹಿಮ ಬಿದ್ದಲ್ಲೇ ನಿಂತರೆ ಗೋಧಿಗೆ ಒಳ್ಳೆಯದು. ನಮ್ಮಲ್ಲಿ ಅದು ನಿಲ್ಲುವುದಿಲ್ಲ, ಬೇಲಿಗೆ ಹೋಗಿ ಸೇರುತ್ತದೆ" ಎಂದರು ಆಕೆ.

ಆಲಿಕಲ್ಲಿನ ಮಳೆ ಬಿದ್ದ ಆ ರಾತ್ರಿ ಊರ ಹೊರಗಿನ ತಗ್ಗಿನಲ್ಲಿ ಗದ್ದಲವೋ ಗದ್ದಲ. ಇಲ್ಲಿಯ ಬಯಲಿನಲ್ಲಿ ಅಲ್ಲಲ್ಲಿ ಪ್ಲಾಯಾ ಎಂಬ ದುಂಡಗಿನ ತಗ್ಗುಗಳಿವೆ. ತಳ ಜೇಡಿಮಣ್ಣು. ವರ್ಷದ ಬಹುಕಾಲ ಬಿರಿದು ಒಣಗಿರುತ್ತವೆ, ಒಂದು ಮಳೆ ಬಿದ್ದರೆ ಕೆರೆಯಾಗುತ್ತವೆ. ಟಾರ್ಚು ಹಿಡಿದು ಹೋದಾಗ ನೀರಿನ ತುಂಬ ಕಪ್ಪೆ, ಗಂಟಲುಬ್ಬಿಸಿ ಕರೆಯುತ್ತ ತೇಲುತ್ತಿದ್ದವು. ಇವು ಸ್ಪೇಡ್‌ಫೂಟ್ ಕಪ್ಪೆಗಳು. ಹಿಂಗಾಲಲ್ಲಿ ಗುದ್ದಲಿಯಂಥ ಗಟ್ಟಿ ಅಂಚಿದ್ದು, ಅದರಿಂದ ಮಣ್ಣು ತೋಡಿ ಹಿಮ್ಮುಖವಾಗಿ ಇಳಿದು ತಿಂಗಳುಗಟ್ಟಲೆ ನೆಲದೊಳಗೇ ಇರುತ್ತವೆ. ಅವನ್ನು ಎಬ್ಬಿಸುವುದು ಮೇಲೆ ಬೀಳುವ ಮಳೆಯ ಸದ್ದು, ಅದರ ಅದುರು. ಬಂದ ರಾತ್ರಿಯೇ ಕೂಡಿ, ಮೊಟ್ಟೆಯಿಟ್ಟು, ನೀರು ಇಂಗುವ ಮೊದಲು ಮರಿಗಳು ಕಾಲು ಬಲಿತು ಮೇಲೆ ಬರಬೇಕು. ಕೆಲವೇ ವಾರಗಳ ಗಡುವು. ಬೆಳಗ್ಗೆ ಒಣನೆಲವಿದ್ದ ಕಡೆ ರಾತ್ರಿ ಸಂತಾನದ ಸಂಭ್ರಮ! ಮಣ್ಣಿನೊಳಗಿನ ಜೀವವೂ ಮೇಲಿನ ರೈತನೂ ಒಂದೇ ಸದ್ದಿಗೆ ಕಿವಿಗೊಟ್ಟಿದ್ದರು.

ಆ ತಗ್ಗುಗಳಿಂದ ಇಂಗುವ ನೀರೇ ಆಳದ ಒಗಲಾಲ ಅಂತರ್ಜಲವನ್ನು ಸೇರುವುದು, ಅದೂ ಬಹಳ ನಿಧಾನವಾಗಿ. ಇಲ್ಲಿ ಪಂಪುಗಳು ಎತ್ತುವ ವೇಗಕ್ಕೆ ಅದು ಸಾಟಿಯಲ್ಲ. ಪಂಪಿನ ನೀರುಣ್ಣುವ ದುಂಡು ಹೊಲಗಳಲ್ಲಿ ಮುಸುಕಿನ ಜೋಳ ಹಸಿರಾಗಿ ನಿಂತದ್ದು ಕಂಡಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ನಮ್ಮ ಕಡೆಯ ಕೊಳವೆಬಾವಿಗಳ ಕಥೆಯೂ ಇದೇ ಅಲ್ಲವೆ?

ಬೆಳಗ್ಗೆ ತಿಂಡಿಯ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಪ್ರತಿ ಮನೆಯ ಬೇಲಿಗೂ ಒಂದು ಮಳೆಮಾಪಕವಿದೆ. ಒಬ್ಬರಿಗೆ ಒಂದೂವರೆ ಇಂಚು, ಪಕ್ಕದವರಿಗೆ ಕಾಲು ಇಂಚು, ರಸ್ತೆಯಾಚೆ ಎರಡು ಮೈಲಿಯಲ್ಲಿ ಗೋಧಿ ಆಲಿಕಲ್ಲಿಗೆ ಹೋಗಿದೆ. ನಮ್ಮ ಮೇಜಿಗೆ ಬಂದು ಕುಳಿತ ರೈತನ ಹೊಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಜೋಳ ಬಿತ್ತಲು ಕಾಯುತ್ತಿದ್ದ. ಜೋಳವೆಂದರೆ ನಮ್ಮದೇ ಜಾತಿಯ ಜೋಳ, ಇಲ್ಲಿ ಮೈಲೊ ಎನ್ನುತ್ತಾರೆ, ಗಿಡ್ಡ ಗಿಡ, ಕೆಂಪು ಕಾಳು, ಹೆಚ್ಚಾಗಿ ದನಕ್ಕೆ. ಜೂನ್ ಕಳೆದು ಬಿತ್ತಿದರೆ ಕಾಳು ಗಟ್ಟಿಯಾಗುವ ಮುಂಚೆ ಹೆಪ್ಪುಚಳಿ ಬೀಳುತ್ತದೆ. ಹೆಪ್ಪುಚಳಿ ಬೀಳದ ದಿನಗಳು ವರ್ಷಕ್ಕೆ 175ರಷ್ಟು ಮಾತ್ರ.

"ನಿಮ್ಮಲ್ಲಿ ಯಾವಾಗ ಬಿತ್ತುತ್ತೀರಿ?" ಎಂದು ಕೇಳಿದ.

ಹಿಂಗಾರಿನ ಬಿಳಿಜೋಳದ ವಿಷಯ ಹೇಳಿದೆ. ಮಳೆಗಾಲ ಮುಗಿಯುತ್ತ ಬಂದಾಗ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಎರೆಹೊಲದ ಹದ ನೋಡಿ ಬಿತ್ತುತ್ತೇವೆ, ಆಮೇಲೆ ಮಳೆ ಬರದಿದ್ದರೂ ಮಣ್ಣು ಹಿಡಿದಿಟ್ಟ ತೇವದಲ್ಲೇ ಚಳಿಗಾಲದಲ್ಲಿ ಬೆಳೆಯುತ್ತದೆ, ಆ ಕಾಳಿನ ರೊಟ್ಟಿಯೇ ನಮ್ಮ ಊಟ ಎಂದೆ. ಅವನು ಕಾಫಿ ಲೋಟ ಕೆಳಗಿಟ್ಟ. ಚಳಿಗಾಲದಲ್ಲಿ ಜೋಳ, ಅದೂ ಮಳೆಯಿಲ್ಲದೆ! ಹೆಪ್ಪು ಬೀಳುವುದಿಲ್ಲವೆ ಎಂದ. ಇಲ್ಲ ಎಂದೆ. ಮಣ್ಣು ಎಷ್ಟು ಆಳ, ಯಾವ ಬಣ್ಣ, ಒದ್ದೆಯಾದಾಗ ಕಾಲಿಗೆ ಮೆತ್ತುತ್ತದೆಯೆ, ಗಾಳಿಗೆ ಹಾರುವುದಿಲ್ಲವೆ ಎಂದು ಒಂದರ ಮೇಲೊಂದು ಕೇಳಿದ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ ಎಂದಾಗ, ಎಷ್ಟು ಆಳಕ್ಕೆ ಎಂದ. ನಾನು ತೋಳು ಚಾಚಿ ಹೆಗಲವರೆಗೆ ತೋರಿಸಿದೆ. ಅವನು ತಿರುಗಿ ಇಡೀ ಹೋಟೆಲಿಗೆ ಕೇಳುವಂತೆ ಗೆಳೆಯರನ್ನು ಕರೆದ, ಬಂದು ಇದನ್ನು ಕೇಳಿ ಎಂದ.